ಅಂಕಣದೊಳಗಿನ ಗುಟ್ಟಿನ ಭಾಷೆ

ಶಿವಮೊಗ್ಗ ಬಿಟ್ಟು ಮುಂಬೈಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಡೊಂಬಿವಲಿಯಲ್ಲಿ ಮನೆ, ಅಂಧೇರಿಯಲ್ಲಿ ಲೆಕ್ಕಪತ್ರದ ಕೆಲಸ. ಮಗನಿಗೆ ಕನ್ನಡ ಅರ್ಥವಾಗುತ್ತದೆ. ಆದರೆ ನಾನು ಕನ್ನಡದಲ್ಲಿ ಕೇಳಿದರೆ ಉತ್ತರ ಬರುವುದು ಹಿಂದಿಯಲ್ಲಿ. ಹೊರನಾಡಿನ ಎಷ್ಟೋ ಮನೆಗಳ ಕಥೆ ಇದು. ಗದರಿಸಿ, ಬೇಡಿ, ಕೊನೆಗೆ ನಾನೂ ಸುಮ್ಮನಾಗಿದ್ದೆ.

2019ರ ಅಕ್ಟೋಬರ್‌ನಲ್ಲಿ ವರ್ಲಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ ಇಂಡಿಯಾನಾ ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್ ತಂಡಗಳು ಆಡಿದ್ದನ್ನು ಟಿವಿಯಲ್ಲಿ ನೋಡಿದ ಮೇಲೆ ಅವನಿಗೆ ಬ್ಯಾಸ್ಕೆಟ್‌ಬಾಲ್ ಹುಚ್ಚು ಹಿಡಿಯಿತು. ಕಳೆದ ವರ್ಷ ಬಿ.ಕಾಂ. ಎರಡನೇ ವರ್ಷದಲ್ಲಿ ಕಾಲೇಜು ತಂಡಕ್ಕೆ ಆಯ್ಕೆಯಾದ. ನನಗೋ ಸಿ.ಎ. ಪರೀಕ್ಷೆಯದೇ ಚಿಂತೆ. ‘ಈ ಒಂದು ವರ್ಷ ಮಾತ್ರ’ ಎಂದು ಒಪ್ಪಂದವಾಯಿತು.

ಜೇಮ್ಸ್ ನೈಸ್ಮಿತ್ 1891ರಲ್ಲಿ ಅಮೆರಿಕದಲ್ಲಿ ಈ ಆಟ ಕಂಡುಹಿಡಿದದ್ದು ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲೆಂದು. ನಮ್ಮ ಹುಡುಗರಿಗೆ ಸಿಕ್ಕಿದ್ದು ಬಯಲಿನ ಸಿಮೆಂಟ್ ಅಂಕಣ, ಅದೂ ಮುಂಬೈ ಮಳೆಯಲ್ಲಿ. ಬೆಳಕು ಹರಿಯುವ ಮುಂಚೆ ಲೋಕಲ್ ಹಿಡಿದು ಹೋಗಿ, ಮೊದಲ ಅರ್ಧ ಗಂಟೆ ನೀರು ತಳ್ಳುವುದೇ ಅಭ್ಯಾಸ.

ತಂಡದಲ್ಲಿ ಹೋಟೆಲ್ ನಡೆಸುವ ಉಡುಪಿ ಮನೆಯ ಹುಡುಗನೊಬ್ಬನಿದ್ದ. ಹಿಂದಿ, ಮರಾಠಿಯಲ್ಲಿ ಕೂಗಿದರೆ ಎದುರಾಳಿಗಳಿಗೂ ತಿಳಿಯುತ್ತದೆ ಎಂದು ಅವನೂ ನನ್ನ ಮಗನೂ ಕನ್ನಡದಲ್ಲಿ ಕೂಗಲು ಶುರುಮಾಡಿದರು. ‘ಎಡ’, ‘ಬಲ’, ‘ಹಿಂದಿದ್ದಾನೆ’, ‘ಬಿಡು’. ಕ್ರಮೇಣ ಇಡೀ ತಂಡ ಕಲಿಯಿತು. ಮರಾಠಿಯಲ್ಲಿ ‘ಬಲ’ ಎಂದರೆ ಶಕ್ತಿ; ಮೊದಲ ವಾರ ಆ ಪದ ಕೇಳಿದಾಗಲೆಲ್ಲ ನಾಯಕ ಬಲಕ್ಕೆ ತಿರುಗುವ ಬದಲು ಮೈಯೆಲ್ಲ ಬಿಗಿ ಮಾಡಿ ನೇರ ನುಗ್ಗುತ್ತಿದ್ದನಂತೆ!

ಒಂದು ಭಾನುವಾರ ನಾಗ್ಪಾಡಾದಲ್ಲಿ ಸ್ನೇಹಪಂದ್ಯ. ನಾನೂ ಹೋಗಿದ್ದೆ. ಕಿಕ್ಕಿರಿದ ಓಣಿಗಳ ಈ ಬಡಾವಣೆ ಮುಂಬೈ ಬ್ಯಾಸ್ಕೆಟ್‌ಬಾಲ್‌ನ ತವರು. ಭಾರತ ತಂಡದ ನಾಯಕರಾಗಿದ್ದ, 1970ರ ಅರ್ಜುನ ಪ್ರಶಸ್ತಿ ಪಡೆದ ಅಬ್ಬಾಸ್ ಮುಂತಾಸಿರ್ ಇಲ್ಲಿಯವರೇ. ಇಲ್ಲಿನ ಹುಡುಗರ ಮುಂದೆ ನಮ್ಮವರ ಗುಟ್ಟಿನ ಭಾಷೆ ಏನೂ ಕೆಲಸಕ್ಕೆ ಬರಲಿಲ್ಲ. ಭರ್ಜರಿಯಾಗಿ ಸೋತರು. ಆದರೆ ಅಂದು ಮಗ ಅಂಕಣದಲ್ಲಿ ಗಂಟಲು ಹರಿಯುವಂತೆ ಕನ್ನಡದಲ್ಲಿ ಕೂಗುವುದನ್ನು ಮೊದಲ ಸಲ ಕೇಳಿದೆ. ಸ್ಕೋರು ನೋಡಲೇ ಇಲ್ಲ.

ಅಂತರ ಕಾಲೇಜು ಟೂರ್ನಿಯಲ್ಲಿ ತಂಡ ಕ್ವಾರ್ಟರ್‌ಫೈನಲ್‌ ತಲುಪಿತು. ಹತ್ತು ಹತ್ತು ನಿಮಿಷದ ನಾಲ್ಕು ಅವಧಿ. ಮೂರನೆಯದರವರೆಗೂ ಸಮಬಲ. ಕೊನೆಯ ಅವಧಿಯಲ್ಲಿ ನಾಯಕ ಐದನೇ ಫೌಲ್ ಮಾಡಿ ಹೊರಗೆ ಬಂದ. ಬೆಂಚಿನಲ್ಲಿದ್ದ ನನ್ನ ಮಗ ಒಳಗೆ ಹೋದ. ವಿಚಿತ್ರವೆಂದರೆ ಇವರು ‘ಎಡ’ ಎನ್ನುವಷ್ಟರಲ್ಲಿ ಎದುರಾಳಿ ತಂಡದ ಒಬ್ಬ ಎಡಕ್ಕೆ ಬಂದು ನಿಂತಿರುತ್ತಿದ್ದ. ‘ಹಿಂದಿದ್ದಾನೆ’ ಎಂದರೆ ನಗುತ್ತಿದ್ದ. ಆರು ಅಂಕಗಳಿಂದ ಸೋತರು.

ಪಂದ್ಯ ಮುಗಿದ ಮೇಲೆ ಆ ಹುಡುಗನೇ ಬಂದು ಮಗನ ಹೆಗಲ ಮೇಲೆ ಕೈ ಹಾಕಿದ. ‘ನಮ್ದು ಮಾಟುಂಗಾ. ಮನೇಲಿ ಕನ್ನಡವೇ ಮಾರಾಯಾ’ ಎಂದ. ಅಷ್ಟು ಹೊತ್ತು ಕಣ್ಣೀರು ತಡೆದುಕೊಂಡಿದ್ದ ನಮ್ಮ ಹುಡುಗರು ಹೊಟ್ಟೆ ಹಿಡಿದು ನಕ್ಕರು. ಮುಂಬೈಯಲ್ಲಿ ಕನ್ನಡವನ್ನು ಗುಟ್ಟಿನ ಭಾಷೆ ಎಂದುಕೊಂಡದ್ದೇ ಅವರ ತಪ್ಪು!

ವಾಪಸು ಬರುವಾಗ ಠಾಣೆ ದಾಟಿದ ಮೇಲೆ ಕೂರಲು ಜಾಗ ಸಿಕ್ಕಿತು. ‘ಬೇಜಾರಾಯ್ತಾ?’ ಎಂದೆ.

‘ಸೋತಿದ್ದಕ್ಕಲ್ಲ ಅಪ್ಪ. ಒಂದೇ ವರ್ಷ ಅಂದಿದ್ರಲ್ಲ, ಅದಕ್ಕೆ’ ಎಂದ. ಉತ್ತರ ಕನ್ನಡದಲ್ಲೇ ಬಂದಿತ್ತು.

ಸಿ.ಎ. ತರಗತಿ ಸಂಜೆಗೆ ಹಾಕಿಸಿದ್ದೇನೆ. ಬೆಳಿಗ್ಗೆ ಅಭ್ಯಾಸ ಮುಂದುವರಿದಿದೆ. ಒಪ್ಪಂದ ಮುರಿದವನು ನಾನೇ.