ಜಡ್ಡಿನ ಕಾಲಕ್ಕೆ ನೀರಿನ ಲೆಕ್ಕ



2020ರ ಮಾರ್ಚ್ 25ರಂದು ಕೊರೋನಾ ಜಡ್ಡಿನ ಸಲುವಾಗಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತಷ್ಟೆ. ಮುಂಬಯಿ, ಪುಣೆ, ಗೋವೆಗೆ ದುಡಿಯಲಿಕ್ಕೆ ಹೋಗಿದ್ದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮಂದಿ ನಡುಬ್ಯಾಸಗಿಯಲ್ಲಿ ಊರಿಗೆ ತಿರುಗಿದರು. ಐವರಿದ್ದ ಮನೆಯಲ್ಲಿ ಒಂಬತ್ತು ಜನರಾದರೆ ರೊಟ್ಟಿಯ ಲೆಕ್ಕ ಎಲ್ಲರಿಗೂ ತಿಳಿಯುತ್ತದೆ. ನೀರಿನದು? ಈಗಿನ ಹಳ್ಳಿಯ ನಳದ ಯೋಜನೆಯಲ್ಲಿ ತಲೆಗೆ ದಿನಕ್ಕೆ 55 ಲೀಟರು ಹಿಡಿದಿದ್ದಾರೆ. ನಾಲ್ವರಿಗೆ 220 ಲೀಟರು, ಅಂದರೆ ಸುಮಾರು ಹದಿನೈದು ಕೊಡ ಹೆಚ್ಚು. ಅದನ್ನು ಹೊರುವವರು ಯಾರೆಂಬುದು ತಾಯಂದಿರಿಗೆ ಗೊತ್ತೇ ಇದೆ.

ಕೊರೋನಾ ಉಸಿರಿನಿಂದ ಹಬ್ಬುವ ಜಡ್ಡು, ಕುಡಿಯುವ ನೀರಿನಿಂದಲ್ಲ. ಆದರೆ ನಳದ ಮುಂದೆ ಭುಜಕ್ಕೆ ಭುಜ ಹಚ್ಚಿ ಪಾಳಿ ನಿಂತರೆ ಅಲ್ಲಿಯೇ ಹತ್ತೀತು. ಕೊಡಗಳನ್ನು ಪಾಳಿಗೆ ಇಟ್ಟು ನೀವು ದೂರ ನಿಲ್ಲಿರಿ. ಕೊಡಕ್ಕೇನೂ ಜಡ್ಡು ಬರುವುದಿಲ್ಲ!

ಇನ್ನು ಕೈ ತೊಳೆಯುವುದು. ಸಾಬೂನು ಹಚ್ಚಿ 20 ಸೆಕೆಂದು ತಿಕ್ಕುವಾಗ ನಳ ಬಿಟ್ಟಿರಬೇಡಿರಿ. ಅರ್ಧ ಲೀಟರಿನ ಚರಿಗೆ ಸಾಕು. ಡೋಣಿ ಸೀಮೆಯ ಸವಳು ನೀರಿನಲ್ಲಿ ನೊರೆ ಬರುವುದು ಕಡಿಮೆ. ಸಾಬೂನು ತುಸು ಹೆಚ್ಚು ಹಚ್ಚಿದರಾಯಿತು. ಕೈಗೆ ಸವಳು ನೀರು, ಬಾಯಿಗೆ ಸಿಹಿನೀರು, ಹೀಗೆ ಬೇರೆ ಮಾಡಿದರೆ ಸಿಹಿನೀರು ಉಳಿಯುತ್ತದೆ.

ನಿಜವಾದ ಅಂಜಿಕೆ ಬೇರೆ. ನಳದ ನೀರು ಸಾಲದಾದಾಗ ಬಿಟ್ಟುಬಿಟ್ಟ ಹಳೇ ಬಾವಿಗೆ ಹಗ್ಗ ಇಳಿಸುತ್ತೇವೆ. ಒಂದು ಜಡ್ಡಿನ ಬೆನ್ನಿಗೆ ವಾಂತಿ-ಭೇದಿ ಬರುವುದು ಅಲ್ಲಿಂದಲೇ. ಆದ್ದರಿಂದ ಮೊದಲು ಬಾವಿಗೆ ಬ್ಲೀಚಿಂಗ್ ಪುಡಿ ಹಾಕತಕ್ಕದ್ದು. 1,000 ಲೀಟರಿಗೆ ಎರಡೂವರೆ ಗ್ರಾಂ. ಬಾವಿಯ ಅಗಲ 2 ಮೀಟರು, ನೀರಿನ ಆಳ 3 ಮೀಟರು ಇದ್ದರೆ ನೀರು ಸುಮಾರು 9,400 ಲೀಟರು; ಪುಡಿ 24 ಗ್ರಾಂ ಬೇಕು. ಪುಡಿಯನ್ನು ಹಾಗೆಯೇ ಸುರಿಯಬಾರದು. ಬಕೀಟಿನ ನೀರಿನಲ್ಲಿ ಕಲಸಿ, ಹತ್ತು ನಿಮಿಷ ಬಿಡಿರಿ. ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಇನ್ನೊಂದು ಬಕೀಟಿಗೆ ಬಗ್ಗಿಸಿ, ಅದನ್ನು ಬಾವಿಗಿಳಿಸಿ ನೀರೊಳಗೆ ಮೇಲೆ ಕೆಳಗೆ ಆಡಿಸಿರಿ. ಒಂದು ತಾಸು ಬಿಟ್ಟು ಸೇದಿರಿ. ರಾತ್ರಿ ಹಾಕಿದರೆ ಮುಂಜಾನೆ ಯಾರೂ ಕಾಯಬೇಕಾಗಿಲ್ಲ. ಹಳೇ ಪುಡಿಯ ಕಸುವು ಹಾರಿಹೋಗಿರುತ್ತದೆ. ಡಬ್ಬಿ ತೆಗೆದಾಗ ಘಾಟು ಬರದಿದ್ದರೆ ಬೇರೆ ತರಿಸಿರಿ.

ಈ ಪುಡಿ ಕ್ರಿಮಿಗಳನ್ನು ಕೊಲ್ಲುತ್ತದೆ, ಫ್ಲೋರೈಡನ್ನು ತೆಗೆಯುವುದಿಲ್ಲ. ಕುದಿಸಿದರೂ ಅದು ಹೋಗದು. ಫ್ಲೋರೈಡು ಹೆಚ್ಚೆಂದು ಪರೀಕ್ಷೆಯಲ್ಲಿ ತಿಳಿದ ಕೊಳವೆಬಾವಿಯ ನೀರನ್ನು ತೊಳೆಯಲಿಕ್ಕೆ ಬಳಸಿರಿ, ಅಡಿಗೆಗೆ ಬೇಡ. ಕೈ ತೊಳೆದ ನೀರನ್ನು ಓಣಿಗೆ ಬಿಡದೆ ಹಿತ್ತಲಿನ ಬಾಳೆಯ ಬುಡಕ್ಕೆ ತಿರುಗಿಸಿರಿ. ಕೊತ್ತಂಬರಿ, ಮೆಂತೆಯ ಮಡಿಗೆ ಮಾತ್ರ ಬಿಡಬೇಡಿರಿ.