ಜಾಲಪುಟದ ಉಡುಪು ಎಷ್ಟು ಹಗುರವಾಗಿರಬೇಕು?

ಮೊಬೈಲ್ ಫೋನಿನಲ್ಲಿ ಜಾಲಪುಟವೊಂದನ್ನು ತೆರೆದು, ಪರದೆಯೆಲ್ಲ ಬೆಳ್ಳಗೆ ಬರಿದಾಗಿ ನಿಂತಿರುವುದನ್ನು ನೋಡುತ್ತ ಕುಳಿತ ಅನುಭವ ನಮ್ಮಲ್ಲಿ ಯಾರಿಗಿಲ್ಲ? ಸಂಪರ್ಕ ದುರ್ಬಲವಾಗಿರುವ ಊರುಗಳಲ್ಲಿ ಇದು ದಿನನಿತ್ಯದ ಮಾತು. ಸ್ವಾರಸ್ಯವೇನೆಂದರೆ, ಅನೇಕ ವೇಳೆ ನಾವು ಓದಬಯಸಿದ ಬರಹವು ಅಷ್ಟು ಹೊತ್ತಿಗಾಗಲೇ ಫೋನಿನೊಳಕ್ಕೆ ಬಂದು ಸೇರಿರುತ್ತದೆ. ಬಂದಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಅದು ತನ್ನ ಉಡುಪಿಗಾಗಿ ಕಾಯುತ್ತಿರುತ್ತದೆ.

ಜಾಲಪುಟದಲ್ಲಿ ಒಡಲು ಬೇರೆ, ಉಡುಪು ಬೇರೆ. ಯಾವುದು ಶೀರ್ಷಿಕೆ, ಯಾವುದು ಪರಿಚ್ಛೇದ, ಯಾವುದು ಕೋಷ್ಟಕ ಎಂಬುದನ್ನು ತಿಳಿಸುವ ಭಾಷೆ ಎಚ್‌ಟಿಎಂಎಲ್. ಆ ಶೀರ್ಷಿಕೆಯ ಅಕ್ಷರ ಎಷ್ಟು ದೊಡ್ಡದಿರಬೇಕು, ಅಂಚಿನಲ್ಲಿ ಎಷ್ಟು ಜಾಗ ಬಿಡಬೇಕು, ಬಣ್ಣ ಯಾವುದು ಎಂಬುದನ್ನು ವಿಧಿಸುವ ಭಾಷೆ ಸಿಎಸ್‌ಎಸ್. ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀಯವರು 1991ರಲ್ಲಿ ಲೋಕಕ್ಕೆ ತೆರೆದಿಟ್ಟ ಮೊದಲ ಜಾಲತಾಣಕ್ಕೆ ಇಂಥ ಉಡುಪೇ ಇರಲಿಲ್ಲ. ಅದೇ ಸಂಶೋಧನಾಲಯದಲ್ಲಿದ್ದ ಹೋಕನ್ ವಿಯುಮ್ ಲೀಯವರು 1994ರ ಅಕ್ಟೋಬರಿನಲ್ಲಿ ಸಿಎಸ್‌ಎಸ್‌ನ ಮೊದಲ ಕರಡನ್ನು ಮುಂದಿಟ್ಟರು. ಬರ್ಟ್ ಬೋಸ್ ಅವರು ಜೊತೆಗೂಡಿದರು. 1996ರ ಡಿಸೆಂಬರಿನಲ್ಲಿ ಅದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಮ್ ಸಂಸ್ಥೆಯ ಶಿಫಾರಸಾಗಿ ಹೊರಬಂದಿತು.

ಒಡಲು ಬಂದ ಮೇಲೆ ಬ್ರೌಸರು ಅದನ್ನು ತೋರಿಸಿಬಿಡಬಾರದೆ ಎಂದು ವಾಚಕರು ಕೇಳಬಹುದು. ತೋರಿಸಿದರೆ, ಉಡುಪು ಬಂದೊಡನೆ ಅಕ್ಷರಗಳೆಲ್ಲ ಹಿಗ್ಗಿ ಕುಗ್ಗಿ, ಸಾಲುಗಳು ಸ್ಥಾನ ಬದಲಿಸಿ, ಓದುತ್ತಿದ್ದವನ ಕಣ್ಣು ದಿಕ್ಕು ತಪ್ಪುತ್ತದೆ. ಅದಕ್ಕಾಗಿ ಪುಟದ ತಲೆಭಾಗದಲ್ಲಿ ಹೆಸರಿಸಿದ ಸಿಎಸ್‌ಎಸ್ ಕಡತಗಳು ಬರುವ ತನಕ ಬ್ರೌಸರುಗಳು ಏನನ್ನೂ ಚಿತ್ರಿಸದೆ ತಡೆದಿರುತ್ತವೆ. ಚಿತ್ರಗಳ ವಿಷಯದಲ್ಲಿ ಹೀಗಿಲ್ಲ. ಒಂದು ಸಾಮಾನ್ಯ ಪುಟದ ಒಟ್ಟು ತೂಕ ಇಂದು 2 ಮೆಗಾಬೈಟುಗಳ ಮಟ್ಟದಲ್ಲಿದ್ದು, ಅದರ ಬಹುಪಾಲು ಚಿತ್ರಗಳೂ ಜಾವಾಸ್ಕ್ರಿಪ್ಟ್ ಕಡತಗಳೂ ಆಗಿರುತ್ತವೆಂಬುದೇನೋ ನಿಜ. ಆದರೆ ಚಿತ್ರವು ನಿಧಾನವಾಗಿ ಬಂದರೂ ಬರಹವನ್ನು ಓದುತ್ತಿರಬಹುದು. ಸಿಎಸ್‌ಎಸ್ ತಡವಾದರೆ ಓದುವುದಕ್ಕೆ ಏನೂ ಇಲ್ಲ.

ಪ್ರತಿಯೊಬ್ಬನೂ ಈ ನಿಯಮಗಳನ್ನು ಮೊದಲಿನಿಂದ ಬರೆಯುವುದು ಶ್ರಮದ ಕೆಲಸವಾದುದರಿಂದ ಫ್ರೇಮ್‌ವರ್ಕುಗಳು, ಅಂದರೆ ಸಿದ್ಧ ಉಡುಪಿನ ಚೌಕಟ್ಟುಗಳು, ಹುಟ್ಟಿಕೊಂಡವು. ಇವುಗಳಲ್ಲಿ ಅತಿ ಪ್ರಸಿದ್ಧವಾದುದು ಬೂಟ್‌ಸ್ಟ್ರ್ಯಾಪ್. ಟ್ವಿಟರ್ ಸಂಸ್ಥೆಯಲ್ಲಿದ್ದ ಮಾರ್ಕ್ ಓಟ್ಟೊ ಮತ್ತು ಜೇಕಬ್ ಥಾರ್ನ್‌ಟನ್ ಎಂಬವರು ರಚಿಸಿದ ಇದು 2011ರ ಆಗಸ್ಟಿನಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆಯಾಯಿತು. ಇದರ ಐದನೆಯ ಆವೃತ್ತಿಯ ಸಿಎಸ್‌ಎಸ್ ಕಡತ, ಅನಾವಶ್ಯಕ ಖಾಲಿ ಜಾಗಗಳನ್ನೆಲ್ಲ ತೆಗೆದ ಮೇಲೂ, 200 ಕಿಲೋಬೈಟಿಗಿಂತ ಹೆಚ್ಚು. ಸಂಕುಚಿಸಿ ಕಳುಹಿಸಿದಾಗ ಸುಮಾರು 30 ಕಿಲೋಬೈಟು. ಒಂದು ಶಾಲೆಯ ವಾರ್ಷಿಕೋತ್ಸವದ ಪುಟಕ್ಕೆ ಇದರ ಹತ್ತನೆಯ ಒಂದು ಪಾಲು ನಿಯಮಗಳೂ ಬೇಕಾಗಲಾರವು. ಮದುವೆಯ ಮನೆಗೆ ಹೊರಟವನು ಜವಳಿ ಅಂಗಡಿಯನ್ನೇ ಹೊತ್ತು ನಡೆದಂತೆ!

ಈ 30 ಕಿಲೋಬೈಟು ಎಷ್ಟರಮಟ್ಟಿಗೆ ಹೊರೆ ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಅಂತರಜಾಲದಲ್ಲಿ ಮಾಹಿತಿಯು ಪೊಟ್ಟಣಗಳಾಗಿ ಸಾಗುತ್ತದೆ. ಒಂದು ಪೊಟ್ಟಣದಲ್ಲಿ ಸಾಮಾನ್ಯವಾಗಿ ಹಿಡಿಸುವುದು 1,460 ಬೈಟುಗಳು. ಹೊಸ ಸಂಪರ್ಕದಲ್ಲಿ ದಾರಿ ಎಷ್ಟು ಅಗಲವಾಗಿದೆಯೆಂಬುದು ಕಳುಹಿಸುವ ಯಂತ್ರಕ್ಕೆ ತಿಳಿಯದು. ಆದುದರಿಂದ ಅದು ಮೊದಲು ಕೆಲವೇ ಪೊಟ್ಟಣಗಳನ್ನು ಬಿಟ್ಟು, ತಲಪಿತೆಂಬ ಉತ್ತರ ಬಂದ ಮೇಲೆ ಅದರ ಇಮ್ಮಡಿ, ಮತ್ತೆ ಅದರ ಇಮ್ಮಡಿ, ಹೀಗೆ ಏರುತ್ತದೆ. ಈ ಮೊದಲ ಕಂತು 10 ಪೊಟ್ಟಣಗಳಾಗಬಹುದೆಂದು 2013ರಲ್ಲಿ ಸೂಚಿತವಾಯಿತು. ಅಂದರೆ 14,600 ಬೈಟುಗಳು. ಅಷ್ಟರೊಳಗಿನ ಕಡತ ಒಂದೇ ಸುತ್ತಿನಲ್ಲಿ ಬಂದುಬಿಡುತ್ತದೆ. ಬೂಟ್‌ಸ್ಟ್ರ್ಯಾಪಿಗೆ ಎರಡು ಸುತ್ತು ಬೇಕು. ದುರ್ಬಲ ಸಂಪರ್ಕದಲ್ಲಿ ಒಂದು ಸುತ್ತಿಗೆ ಸೆಕೆಂಡಿನ ಮೂರನೆಯ ಒಂದು ಪಾಲು ಹಿಡಿಯಿತೆಂದು ಇಟ್ಟುಕೊಂಡರೆ, ನಷ್ಟವೂ ಅಷ್ಟೇ. ನಡುವೆ ಪೊಟ್ಟಣ ಕಳೆದುಹೋದರೆ ಮಾತ್ರ ಅದನ್ನು ಮತ್ತೆ ಕಳುಹಿಸಬೇಕು, ವೇಗವನ್ನೂ ತಗ್ಗಿಸಬೇಕು. ಪೊಟ್ಟಣಗಳು ಹೆಚ್ಚಿದಷ್ಟೂ ಈ ಅಪಾಯ ಹೆಚ್ಚು.

ಈ ಲೆಕ್ಕದಿಂದ ಇನ್ನೊಂದು ವಿಷಯವೂ ಹೊರಪಡುತ್ತದೆ. ಹಗುರವೆನಿಸಿಕೊಂಡ ಚೌಕಟ್ಟುಗಳು ತಮ್ಮತಮ್ಮೊಳಗೆ ಎರಡು ಕಿಲೋಬೈಟು, ನಾಲ್ಕು ಕಿಲೋಬೈಟು ಎಂದು ಪೈಪೋಟಿ ನಡೆಸುವುದರಲ್ಲಿ ಅರ್ಥವಿಲ್ಲ. ಎರಡೂ ಮೊದಲ ಕಂತಿನಲ್ಲೇ ಬರುತ್ತವೆ. ಅವು ಹಗುರವಾದದ್ದು ಏನನ್ನು ಕೈಬಿಟ್ಟು, ಬಿಟ್ಟದ್ದನ್ನು ಯಾರ ತಲೆಗೆ ಹೊರಿಸಿ ಎಂಬುದನ್ನೇ ನೋಡತಕ್ಕದ್ದು.

ಯಾಹೂ ಸಂಸ್ಥೆಯಿಂದ 2013ರಲ್ಲಿ ಬಂದ ಪ್ಯೂರ್ ಸಿಎಸ್‌ಎಸ್ ಸಂಕುಚಿತ ರೂಪದಲ್ಲಿ 4 ಕಿಲೋಬೈಟಿಗೂ ಕಡಿಮೆ. ಪುಟದ ಅಗಲವನ್ನು ಐದು ಇಲ್ಲವೆ ಇಪ್ಪತ್ತನಾಲ್ಕು ಭಾಗಗಳನ್ನಾಗಿ ಒಡೆದು, ಮೂರರಲ್ಲಿ ಒಂದು, ನಾಲ್ಕರಲ್ಲಿ ಮೂರು ಎಂಬಂತೆ ಭಿನ್ನರಾಶಿಗಳಲ್ಲೇ ಅಂಕಣಗಳನ್ನು ಅಳೆಯುವುದು ಇದರ ಕ್ರಮ. ಗಣಿತ ಬಲ್ಲ ವಿದ್ಯಾರ್ಥಿಗೆ ಇದು ಹಿಡಿಸೀತು. ಆದರೆ ಫೋನಿನ ಕಿರಿದಾದ ಪರದೆಗೆ ತಕ್ಕಂತೆ ಅಂಕಣಗಳು ಮರುಜೋಡಣೆಗೊಳ್ಳಬೇಕಾದರೆ ಇನ್ನೊಂದು ಕಡತವನ್ನು ಬೇರೆಯಾಗಿ ಸೇರಿಸಬೇಕು. ಇದನ್ನು ತಿಳಿಯದವನ ಪುಟ ಗಣಕಯಂತ್ರದಲ್ಲಿ ಸೊಗಸಾಗಿ ಕಂಡು ಫೋನಿನಲ್ಲಿ ಕೆಟ್ಟುಹೋಗುತ್ತದೆ. ಮಿಲಿಗ್ರಾಮ್ ಎಂಬುದು ಹೆಸರಿಗೆ ತಕ್ಕಂತೆ ಕೇವಲ 2 ಕಿಲೋಬೈಟು. ಅದನ್ನು ಬಳಸುವ ವಿಧಾನವನ್ನು ಓದಿದರೆ, ಬ್ರೌಸರುಗಳ ಭೇದಗಳನ್ನು ಸರಿಪಡಿಸುವ ನಾರ್ಮಲೈಸ್ ಕಡತವನ್ನೂ ರೊಬೊಟೊ ಅಕ್ಷರಗಳನ್ನೂ ಜೊತೆಗೆ ತರಿಸಿಕೊಳ್ಳುವಂತೆ ಹೇಳಿದೆ. ಪ್ರಯಾಣಿಕ ಹಗುರ, ಪರಿವಾರ ಭಾರ.

ಡೇವ್ ಗಮಾಶ್ ಎಂಬವರ ಸ್ಕೆಲಿಟನ್ ಚೌಕಟ್ಟಿನ ಕಥೆ ಬೇರೆ. ಸುಮಾರು 400 ಸಾಲುಗಳ ಈ ಕಡತ 2014ರಿಂದ ಬದಲಾಗಿಲ್ಲ. ಅದರ ಮುಖ್ಯ ಉಪಕಾರವಾದ ಹನ್ನೆರಡು ಅಂಕಣಗಳ ವ್ಯವಸ್ಥೆಯನ್ನು 2017ರಲ್ಲಿ ಪ್ರಮುಖ ಬ್ರೌಸರುಗಳೊಳಕ್ಕೆ ಬಂದ ಸಿಎಸ್‌ಎಸ್ ಗ್ರಿಡ್ ಐದಾರು ಸಾಲುಗಳಲ್ಲಿ ಮಾಡಿಕೊಡುತ್ತದೆ. ಹೊಸ ಕೆಲಸಕ್ಕೆ ಸ್ಕೆಲಿಟನ್ ಬೇಡವೆಂದೇ ನಮ್ಮ ಅಭಿಪ್ರಾಯ. ಆದರೂ ಸಿಎಸ್‌ಎಸ್ ಕಲಿಯುವವನು ಒಂದು ಸಂಜೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಬಲ್ಲ ಚೌಕಟ್ಟು ಇದೊಂದೇ ಎನ್ನಬೇಕು. ಮುಕ್ತ ತಂತ್ರಾಂಶವಾದುದರಿಂದ ಅದರಲ್ಲಿ ಬೇಕಾದುದನ್ನು, ಪರವಾನಗಿಯ ಟಿಪ್ಪಣಿಯನ್ನು ಉಳಿಸಿಕೊಂಡು, ನಮ್ಮದಕ್ಕೆ ಎತ್ತಿಕೊಳ್ಳುವ ಸ್ವಾತಂತ್ರ್ಯವೂ ಉಂಟು.

ಇವು ಮೂರರಲ್ಲಿಯೂ ಅಂಕಣಗಳನ್ನು ಕೂಡಿಸಲು ಒಡಲಿನ ಒಂದೊಂದು ಅಂಗಕ್ಕೂ ಕ್ಲಾಸ್ ಎಂಬ ಹೆಸರುಚೀಟಿಯನ್ನು ಅಂಟಿಸಬೇಕು. ಮುಂದೆ ಚೌಕಟ್ಟನ್ನು ಬದಲಿಸಿದರೆ ಚೀಟಿಗಳನ್ನೆಲ್ಲ ಕಿತ್ತು ಹೊಸದನ್ನು ಹಚ್ಚಬೇಕು. ವಾಟರ್ ಸಿಎಸ್‌ಎಸ್ ಮತ್ತು ಪೀಕೊ ಸಿಎಸ್‌ಎಸ್ ಹಿಡಿದ ಮಾರ್ಗ ಇದಕ್ಕಿಂತ ಭಿನ್ನವಾದುದು. ಶೀರ್ಷಿಕೆಯನ್ನು ಶೀರ್ಷಿಕೆಯೆಂದು, ಕೋಷ್ಟಕವನ್ನು ಕೋಷ್ಟಕವೆಂದು ಎಚ್‌ಟಿಎಂಎಲ್‌ನಲ್ಲಿ ಸರಿಯಾಗಿ ಬರೆದಿದ್ದರೆ ಸಾಕು, ಉಡುಪು ತಾನಾಗಿ ಕೂರುತ್ತದೆ. ವಾಟರ್‌ನಲ್ಲಿ ಚೀಟಿಗಳೇ ಇಲ್ಲ, ಪೀಕೊದಲ್ಲಿ ಬೆರಳೆಣಿಕೆಯಷ್ಟು. ಪೀಕೊ ತೂಕದಲ್ಲಿ ಮಿಲಿಗ್ರಾಮ್‌ನ ಹಲವು ಪಟ್ಟು, ಸಂಕುಚಿತ ರೂಪದಲ್ಲಿ 10 ಕಿಲೋಬೈಟಿನ ಆಸುಪಾಸು. ಆದರೂ ಮೊದಲ ಕಂತಿನೊಳಗೇ ಉಂಟು. ಒಡಲನ್ನು ಅಚ್ಚುಕಟ್ಟಾಗಿ ಬರೆದ ಪುಟವನ್ನು ಅಂಧರಿಗೆ ಓದಿಹೇಳುವ ತಂತ್ರಾಂಶವೂ ಚೆನ್ನಾಗಿ ಗ್ರಹಿಸುತ್ತದೆ. ಓದುವುದಕ್ಕೇ ಮೀಸಲಾದ ಪುಟಕ್ಕೆ ನಾವು ಈ ಎರಡರಲ್ಲೊಂದನ್ನು ಆರಿಸುತ್ತೇವೆ. ಪುಟದ ರೂಪ ತೀರ ವಿಶಿಷ್ಟವಾಗಿರಬೇಕೆನ್ನುವವರಿಗೆ ಇವು ಸಾಲವು.

ಇನ್ನು ಕನ್ನಡದಲ್ಲಿ ಪುಟ ಕಟ್ಟುವವರು ಗಮನಿಸಬೇಕಾದ ಒಂದು ತೊಡಕು. ಈ ಚೌಕಟ್ಟುಗಳೆಲ್ಲ ರೋಮನ್ ಲಿಪಿಯ ಅಳತೆಗೆ ಹೊಲಿದವು. ಬೂಟ್‌ಸ್ಟ್ರ್ಯಾಪ್, ಸ್ಕೆಲಿಟನ್, ಮಿಲಿಗ್ರಾಮ್ ಮೂರರಲ್ಲೂ ದೊಡ್ಡ ಶೀರ್ಷಿಕೆಯ ಸಾಲಿನ ಎತ್ತರ ಅಕ್ಷರದ ಗಾತ್ರದ 1.2 ಪಟ್ಟು ಮಾತ್ರ. ಕನ್ನಡದಲ್ಲಿ ಒತ್ತಕ್ಷರಗಳು ಕೆಳಕ್ಕೆ ಇಳಿಯುತ್ತವೆ, ಗುಣಿತಾಕ್ಷರಗಳು ಮೇಲಕ್ಕೆ ಏಳುತ್ತವೆ. ಶೀರ್ಷಿಕೆ ಎರಡು ಸಾಲಾಯಿತೆಂದರೆ ‘ರಾಷ್ಟ್ರ’ದ ಒತ್ತು ಕೆಳಗಿನ ಸಾಲಿನ ‘ಕೀ’ಯ ನೆತ್ತಿಗೆ ತಾಗುವಷ್ಟು ಸಮೀಪಿಸುತ್ತದೆ. ಸ್ಕೆಲಿಟನ್, ಮಿಲಿಗ್ರಾಮ್‌ಗಳು ಶೀರ್ಷಿಕೆಯ ಅಕ್ಷರಗಳನ್ನು ಒಂದಕ್ಕೊಂದು ಒತ್ತರಿಸಿಯೂ ಇಡುತ್ತವೆ. ಮಿಲಿಗ್ರಾಮ್ ತರಿಸಿಕೊಳ್ಳುವ ರೊಬೊಟೊದಲ್ಲಿ ಕನ್ನಡ ಅಕ್ಷರಗಳೇ ಇಲ್ಲವಾದ್ದರಿಂದ ಬ್ರೌಸರು ಯಂತ್ರದಲ್ಲಿರುವ ಕನ್ನಡ ಅಕ್ಷರಗಳಿಗೇ ಮೊರೆಹೋಗುತ್ತದೆ. ವಿಂಡೋಸಿನಲ್ಲಿ ನಿರ್ಮಲಾ ಅಥವಾ ತುಂಗಾ, ಆಂಡ್ರಾಯ್ಡಿನಲ್ಲಿ ನೋಟೊ. ಇವು ಓದಲು ಸಾಕಷ್ಟು ಚೆನ್ನಾಗಿವೆ. ಅಂದಕ್ಕಾಗಿ ಪ್ರತ್ಯೇಕ ಕನ್ನಡ ಅಕ್ಷರಗಳ ಕಡತವನ್ನು ತರಿಸಲು ಹೊರಟರೆ ಅದೊಂದೇ ಹತ್ತಾರು ಕಿಲೋಬೈಟಾಗಿ, ಚೌಕಟ್ಟಿನಲ್ಲಿ ಉಳಿಸಿದ್ದೆಲ್ಲ ಅಲ್ಲಿ ಕರಗುತ್ತದೆ.

ಪರಿಹಾರ ಸುಲಭ. ಚೌಕಟ್ಟಿನ ಕಡತವನ್ನು ತಿದ್ದದೆ, ಅದರ ನಂತರ ಬರುವಂತೆ ನಮ್ಮದೇ ಒಂದು ಪುಟ್ಟ ಕಡತವನ್ನು ಇಡಬೇಕು. ಬಲ ಸಮವಾಗಿರುವ ಎರಡು ನಿಯಮಗಳಲ್ಲಿ ಕೊನೆಗೆ ಬಂದುದೇ ಗೆಲ್ಲುವುದು ಸಿಎಸ್‌ಎಸ್‌ನ ಕಟ್ಟಳೆ. ಶೀರ್ಷಿಕೆಗೆ ಸಾಲಿನ ಎತ್ತರ 1.5, ಪರಿಚ್ಛೇದಕ್ಕೆ 1.7ರಷ್ಟು, ಅಕ್ಷರಗಳ ನಡುವಣ ಹೆಚ್ಚುಕಡಮೆ ಅಂತರ ಸೊನ್ನೆ: ಇಷ್ಟನ್ನು ಬರೆದು, ಎರಡು ಸಾಲಿನ ಕನ್ನಡ ಶೀರ್ಷಿಕೆಯೊಂದನ್ನು ಫೋನಿನಲ್ಲಿ ತೆರೆದು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಕಡತದ ತೂಕ ನೂರಿನ್ನೂರು ಬೈಟು.