ಮೇಜಿನ ಮೇಲಿನ ರಾವುತರು

‘ಕುದುರೆ ಕಂಡರೆ ಕಾಲು ನೋವು’ ಎಂಬ ಗಾದೆಯನ್ನು ನಾವು ಸೋಮಾರಿಗಳನ್ನು ಚುಚ್ಚಲು ಬಳಸುತ್ತೇವೆ. ಆದರೆ ಇಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಲ್ಲಿ ಅನೇಕರು ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲಿ ಈ ಗಾದೆ ತಿರುವುಮುರುವು. ಅಲ್ಲಿ ಬಯಲಿನ ಯುದ್ಧಕ್ಕೆ, ಕುದುರೆ ಎದುರಿಗಿದ್ದರೂ, ನಡೆದುಕೊಂಡೇ ಹೋಗುವವನು ಪೆದ್ದ!

ಈ ಆಟದ ಪರಿಚಯವಿಲ್ಲದ ಅಪ್ಪ-ಅಮ್ಮಂದಿರಿಗಾಗಿ ಎರಡು ಮಾತು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಆಟ ಇದು. ಪುಟ್ಟ ಸೈನಿಕರ ಗೊಂಬೆಗಳನ್ನಿಟ್ಟು ಆಡುತ್ತಿದ್ದ ಯುದ್ಧದಾಟಗಳಿಂದ ಹುಟ್ಟಿಕೊಂಡದ್ದು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ತಲಾ ಒಂದು ಪಾತ್ರವಾಗುತ್ತಾರೆ. ‘ನಾನು ಹೀಗೆ ಮಾಡುತ್ತೇನೆ’ ಎಂದು ಬಾಯಲ್ಲಿ ಹೇಳಬೇಕು. ಅದು ಫಲಿಸಿತೋ ಇಲ್ಲವೋ ಎಂಬುದನ್ನು 20 ಮುಖಗಳ ದಾಳ ತೀರ್ಮಾನಿಸುತ್ತದೆ. ನಾನು ಇಲ್ಲಿ ಕೊಡುವ ಲೆಕ್ಕವೆಲ್ಲ 2014ರ ಐದನೇ ಆವೃತ್ತಿಯದು. 2024ರಲ್ಲಿ ಪರಿಷ್ಕೃತ ಪುಸ್ತಕ ಬಂದು ಕೆಲವು ನಿಯಮಗಳು ಬದಲಾಗಿವೆ.

ಮನುಷ್ಯ ಪಾತ್ರವೊಂದು ತನ್ನ ಸರದಿಯಲ್ಲಿ 30 ಅಡಿ ನಡೆಯಬಹುದು. ಕುದುರೆಗೆ 60 ಅಡಿ. ಇಷ್ಟೇ ಆಗಿದ್ದರೆ ವಿಶೇಷವೇನೂ ಇರಲಿಲ್ಲ. ಕಾಲಾಳು ಇನ್ನೂ 30 ಅಡಿ ಹೆಚ್ಚು ಓಡಬೇಕೆಂದರೆ ಆ ಸರದಿಯಲ್ಲಿ ಹೊಡೆಯುವ ಅವಕಾಶವನ್ನು ಬಿಟ್ಟುಕೊಡಬೇಕು. ರಾವುತನಿಗೆ ಆ ಪೇಚಾಟವಿಲ್ಲ. ಓಡುವ ಕೆಲಸ ಕುದುರೆಯದು, ಹೊಡೆಯುವ ಕೆಲಸ ತನ್ನದು. ಕುದುರೆ 120 ಅಡಿ ದೌಡಾಯಿಸಿದರೂ ಅವನ ಕೈ ಬಿಡುವಾಗಿಯೇ ಇರುತ್ತದೆ.

ಇನ್ನು ಉದ್ದನೆಯ ಭರ್ಜಿ. ನೆಲದ ಮೇಲೆ ನಿಂತವನಿಗೆ ಅದನ್ನು ಹಿಡಿಯಲು ಎರಡು ಕೈ ಬೇಕು. ಕುದುರೆಯ ಮೇಲಿದ್ದರೆ ಒಂದೇ ಕೈ ಸಾಕು, ಇನ್ನೊಂದರಲ್ಲಿ ಗುರಾಣಿ ಹಿಡಿಯಬಹುದು. ಕತ್ತಿ 5 ಅಡಿ ದೂರ ಮುಟ್ಟಿದರೆ ಭರ್ಜಿ 10 ಅಡಿ ಮುಟ್ಟುತ್ತದೆ. ಈಗ ಲೆಕ್ಕ ನೋಡಿ. ಶತ್ರು 40 ಅಡಿ ದೂರದಲ್ಲಿದ್ದಾನೆ. ರಾವುತ 30 ಅಡಿ ಮುಂದೆ ಬಂದು, 10 ಅಡಿ ದೂರದಿಂದಲೇ ತಿವಿದು, ಮತ್ತೆ 30 ಅಡಿ ಹಿಂದೆ ಹೋಗುತ್ತಾನೆ. ಶತ್ರು ತನ್ನ ಸರದಿಯಲ್ಲಿ 30 ಅಡಿ ನಡೆದು ಬಂದರೂ ಇನ್ನೂ 10 ಅಡಿ ಅಂತರ ಉಳಿಯುತ್ತದೆ. ಅವನ ಕತ್ತಿ ಗಾಳಿಯನ್ನು ಸೀಳಬೇಕಷ್ಟೆ! ಕತ್ತಿ ಹಿಡಿದ ರಾವುತನಿಗೂ ದಾರಿಯಿದೆ. ಹತ್ತಿರ ಹೋಗಿ ಹೊಡೆದ ಮೇಲೆ ಕುದುರೆಗೆ ‘ನುಣುಚಿಕೋ’ ಎಂದು ಸೂಚಿಸಿದರೆ, ಹಿಂದೆ ಸರಿಯುವಾಗ ಬೀಳಬೇಕಾದ ಏಟು ಬೀಳುವುದಿಲ್ಲ.

ಗಮನಿಸಿ, ಹೀಗೆ ಸವಾರನ ಮಾತು ಕೇಳುವ ಕುದುರೆ ಕಚ್ಚುವುದೂ ಇಲ್ಲ, ಒದೆಯುವುದೂ ಇಲ್ಲ. ಓಡುವುದು, ನುಣುಚುವುದು, ಏಟು ತಪ್ಪಿಸಿಕೊಳ್ಳುವುದು, ಅದಕ್ಕಿರುವುದು ಈ ಮೂರೇ ಕೆಲಸ. ಅಂದರೆ ಕುದುರೆ ಕೊಡುವುದು ತೋಳ್ಬಲವನ್ನಲ್ಲ. ಎಲ್ಲಿ, ಯಾವಾಗ, ಎಷ್ಟು ದೂರದಿಂದ ಕಾದಾಡಬೇಕು ಎಂದು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು. ಚದುರಂಗ ಬಲ್ಲವರಿಗೆ ಇದು ಹೊಸದೇನಲ್ಲ. ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ನಡೆಸುವ ಚಮತ್ಕಾರದ ನಡೆಗಳನ್ನು ರಚಿಸಿದವರು ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. ಮಣೆಯ ನಡುವೆ ನಿಂತ ಕುದುರೆಗೆ 8 ಮನೆಗಳು ತೆರೆದಿರುತ್ತವೆ, ಮೂಲೆಗೆ ಬಿದ್ದರೆ ಎರಡೇ.

ಈ ಆಟದಲ್ಲೂ ಮೂಲೆಗಳಿವೆ. 5 ಅಡಿ ಅಗಲದ ಸುರಂಗಕ್ಕೆ ಇಳಿದರೆ ಕುದುರೆ ತೂರಿಕೊಂಡು ತೆವಳಬೇಕು, ಏಟಿನ ಗುರಿಯೂ ಕೆಡುತ್ತದೆ. ಇಲ್ಲಿ ಜಾಣರು ಕುಳ್ಳ ಪಾತ್ರಗಳನ್ನು ಆರಿಸುತ್ತಾರೆ. ಸವಾರನಿಗಿಂತ ಒಂದು ಅಳತೆ ದೊಡ್ಡದಾದ, ಬೆನ್ನು ಕೊಡಲು ಒಪ್ಪುವ ಪ್ರಾಣಿಯಾದರೆ ಸಾಕು ಎನ್ನುತ್ತದೆ ನಿಯಮ. ಹಾಗಾಗಿ ಮೂರಡಿಯ ಹಾಫ್ಲಿಂಗ್ ವೀರ ದೊಡ್ಡ ಮ್ಯಾಸ್ಟಿಫ್ ನಾಯಿಯನ್ನೇರಿ ಅದೇ ಸುರಂಗದಲ್ಲಿ ಸಲೀಸಾಗಿ ಓಡಾಡಬಹುದು. ನಾಯಿಗೆ 25 ಚಿನ್ನದ ನಾಣ್ಯ, ಯುದ್ಧದ ಕುದುರೆಗೆ 400!

ಆ 400 ನಾಣ್ಯದ ಕುದುರೆಯ ಪ್ರಾಣ ಎಷ್ಟು ಗಟ್ಟಿ? ಕೇವಲ 19 ಅಂಕ. ಮಂತ್ರವಾದಿಯೊಬ್ಬ ‘ಫೈರ್‌ಬಾಲ್’ ಎಸೆದರೆ ಸರಾಸರಿ 28 ಅಂಕದ ಪೆಟ್ಟು. ಕುದುರೆ ಅಲ್ಲೇ ಸತ್ತು ಬೀಳುತ್ತದೆ, ರಾವುತ ಮತ್ತೆ ಕಾಲಾಳು. ಇದಕ್ಕೆಂದೇ ‘ಮೌಂಟೆಡ್ ಕಂಬ್ಯಾಟೆಂಟ್’ ಎಂಬ ವಿದ್ಯೆಯೊಂದಿದೆ. ಅದನ್ನು ಕಲಿತವನ ಕುದುರೆ ಇಂಥ ಬೆಂಕಿಯಿಂದ ಪೂರ್ತಿ ಪಾರಾಗುತ್ತದೆ, ಇಲ್ಲವೇ ಅರ್ಧ ಪೆಟ್ಟು ಮಾತ್ರ ತಿನ್ನುತ್ತದೆ. 28ರಲ್ಲಿ ಅರ್ಧ 14, ಕುದುರೆ ಬದುಕಿತು! ಕುದುರೆಗಿಂತ ಚಿಕ್ಕವರಾದ ಕಾಲಾಳುಗಳ ಮೇಲೆ ಹೊಡೆಯುವಾಗ ದಾಳವನ್ನು ಎರಡು ಸಲ ಉರುಳಿಸಿ ದೊಡ್ಡ ಅಂಕ ಇಟ್ಟುಕೊಳ್ಳುವ ಲಾಭವೂ ಇದರಲ್ಲಿದೆ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಮತ್ತೊಂದು ಅನುಕೂಲ. ಕುದುರೆಗೆ ಗುರಿಯಿಟ್ಟ ಏಟನ್ನು ಸವಾರ ‘ನನಗೇ ಬೀಳಲಿ’ ಎಂದು ತನ್ನ ಮೇಲೆ ಎಳೆದುಕೊಳ್ಳಬಹುದು.

ಹದಿಮೂರರ ಹುಡುಗಿಯೊಬ್ಬಳು ಈ ನಿರ್ಧಾರ ಮಾಡುವುದನ್ನು ಊಹಿಸಿಕೊಳ್ಳಿ. ತನ್ನ ಪಾತ್ರದ ಪ್ರಾಣವೂ ಕಡಿಮೆಯಿದೆ, ಕುದುರೆಯದೂ ಕಡಿಮೆಯಿದೆ. ಯಾರನ್ನು ಉಳಿಸಬೇಕು? ಕುದುರೆ ಹೋದರೆ ಗೆಳೆಯರನ್ನು ಹೊತ್ತು ತರುವವರಿಲ್ಲ. ತಾನೇ ಬಿದ್ದರೆ ಲಗಾಮು ಹಿಡಿಯುವವರಿಲ್ಲ. ಪುಸ್ತಕದಲ್ಲಿ ಇದಕ್ಕೆ ಸಿದ್ಧ ಉತ್ತರವಿಲ್ಲ, ಅವಳೇ ಹೇಳಬೇಕು. ನಮ್ಮನ್ನು ಹೊತ್ತವರನ್ನು ನಾವೂ ಕಾಯಬೇಕು ಎಂಬ ಮಾತನ್ನು ನಾವು ನೂರು ಸಲ ಉಪದೇಶಿಸಿದರೂ ಮಕ್ಕಳ ಕಿವಿಗೆ ಬೀಳುವುದು ಕಷ್ಟ. ಇಲ್ಲಿ ಅದು ಆಟದ ಲೆಕ್ಕವಾಗಿಯೇ ಎದುರು ನಿಲ್ಲುತ್ತದೆ.

ಹಾಗಾಗಿ ಮಕ್ಕಳು ಆಡುವಾಗ ಬೋಂಡದ ತಟ್ಟೆ ಹಿಡಿದು ಹೋದವರು ‘ಯಾರು ಗೆಲ್ತಿದ್ದೀರಿ?’ ಎಂದು ಕೇಳಬೇಡಿ. ಈ ಆಟದಲ್ಲಿ ಸಾಮಾನ್ಯವಾಗಿ ಎಲ್ಲರೂ ಒಂದೇ ತಂಡ. ಬದಲಿಗೆ ‘ನಿನ್ನ ಕುದುರೆ ಎಲ್ಲಿ ಕಟ್ಟಿದ್ದೀಯ?’ ಎಂದು ಕೇಳಿ. ‘ಹೂಂ’, ‘ಊಹೂಂ’ ಬಿಟ್ಟು ಬೇರೆ ಮಾತಾಡದ ಮಗ ಅರ್ಧ ಗಂಟೆ ಬಾಯಿ ಮುಚ್ಚದೆ ಹೇಳುತ್ತಾನೆ. ಕುರ್ಚಿ ಎಳೆದುಕೊಂಡು ಕೂತುಬಿಡಿ, ದಾಳ ನಿಮ್ಮ ಕೈಗೂ ಬಂದೀತು!